ನಮ್ಮವರ ಮ್ಯಾಲಿನ ತಪಾಸ

ಮನಗೂಳಿಯ ಒಂದು ಮನೆಯಲ್ಲಿ ನಡೆದ ಮಾತುಕತೆ. ಕಾಕಾ ಮಿಲಿಟರಿ ಪೊಲೀಸ್ ದಳದಿಂದ ನಿವೃತ್ತರಾಗಿ ಊರಿಗೆ ಬಂದವರು. ಅಣ್ಣನ ಮಗಳು ಬಿ.ಎ. ಓದುತ್ತ, ಅದೇ ದಳಕ್ಕೆ ಅಗ್ನಿವೀರಳಾಗಿ ಸೇರಲು ತಯಾರಿ ನಡೆಸಿದವಳು.

ಮಗಳು: ಕಾಕಾ, ಒಂದು ಮಾತು ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಓಣ್ಯಾಗಿನ ಮಂದಿ ನನಗ, ‘ಮಿಲ್ಟ್ರಿಗೆ ಹೋದವರು ವೈರಿ ಜೋಡಿ ಕಾದಾಡ್ತಾರ, ನೀ ಹೋಗೂದು ನಮ್ಮ ಜವಾನರನ್ನೇ ಹಿಡ್ಯಾಕಲ್ಲ’ ಅಂತಾರ. ಅವರಿಗೆ ಏನ್ ಹೇಳಲಿ?

ಕಾಕಾ: ಸಿಟ್ಟ್ಯಾಕ ಆಗಲವ್ವಾ. ನಾ ಸೇರಿದಾಗಿಂದ ಈ ಮಾತು ಕೇಳ್ಕೋತ ಬಂದೀನಿ. ನಮ್ಮ ಕೆಂಪು ಟೊಪಗಿ ಕಂಡ್ರ ಜವಾನರು ದಾರಿ ಬದಲಿಸ್ತಿದ್ರು. ನೀ ಹಿಂಗ ಹೇಳು. ದೇಶ ಒಬ್ಬನ ಕೈಯಾಗ ಬಂದೂಕು ಕೊಟ್ಟು, ಹೊಡೀ ಅಂತ ಹೇಳಿರ್ತೈತಿ. ಎಲ್ಲಿ ಹೊಡೀಬಾರದು, ಯಾರ ಮ್ಯಾಲೆ ಎತ್ತಬಾರದು ಅನ್ನೂದನ್ನ ನೋಡ್ಕೊಳ್ಳಾಕ ಮತ್ತೊಬ್ಬ ಬೇಕಾಗ್ತಾನ. ಅಂವ ಇಲ್ಲದ ಫೌಜಿಗೂ ನಮ್ಮ ಹಿರೇರು ಅಂಜ್ತಿದ್ದ ಪೆಂಢಾರಿಗಳಿಗೂ ಫರಕು ಉಳಿಯೂದಿಲ್ಲ.

ಮಗಳು: ಹಂಗಂದ್ರ ಶಿಕ್ಷಾ ಕೊಡೂ ಅಧಿಕಾರನೂ ನಮ್ಮ ಕೈಯಾಗ ಇರ್ತೈತೇನ್ರಿ?

ಕಾಕಾ: ಇಲ್ಲ. ಅದನ್ನ ಮೊದಲ ತಿಳ್ಕೊ. 1950ರ ಸೇನಾ ಕಾಯ್ದೆದಾಗ 107ನೇ ಕಲಮು ಮಿಲಿಟರಿ ಪೊಲೀಸರ ಅಧಿಕಾರಿಯಾದ ಪ್ರೊವೋಸ್ಟ್ ಮಾರ್ಷಲ್‌ಗೆ ಸಂಬಂಧಪಟ್ಟದ್ದು. ಅಂವ ತಪ್ಪು ಮಾಡಿದವನನ್ನ ಹಿಡೀಬಹುದು, ವಿಚಾರಣೆ ಆಗೂತನಾ ಕೂಡಿಹಾಕಬಹುದು. ತನ್ನ ಸ್ವಂತ ಅಧಿಕಾರದ ಮ್ಯಾಲೆ ಒಂದು ಏಟು ಹೊಡ್ಯಾಕೂ ಬರೂದಿಲ್ಲ. ಹಿಡಿಯೂದು ನಮ್ಮದು, ತೀರ್ಪು ಕೋರ್ಟ್ ಮಾರ್ಷಲ್‌ದು. ಈ ಕೆಲಸಕ್ಕ ಈಗ ಹೆಣ್ಣುಮಕ್ಕಳೂ ಬಂದಾರ. ಬೆಂಗಳೂರಾಗ ನಮ್ಮ ದಳದ ಸೆಂಟರ್ ಐತಲ್ಲ, ಅಲ್ಲಿಂದ 2021ರ ಮೇ 8ಕ್ಕ ಹೆಣ್ಣುಮಕ್ಕಳ ಮೊದಲನೇ ತಂಡ ಕಲ್ತು ಹೊರಬಿತ್ತು, 83 ಮಂದಿ. ಅವತ್ತ ಟಿ.ವಿ. ಮುಂದ ಕುಂತು ನೋಡಿ ನನಗ ಕಣ್ಣಾಗ ನೀರು ಬಂದಿದ್ವು. ಹೆಣ್ಣುಮಗಳು ಒಬ್ಬಾಕಿ ಬಾಯಿ ಬಿಟ್ಟು ದೂರು ಹೇಳಬೇಕಂದ್ರ ಎದುರಿಗೆ ಗಂಡಸರೇ ಕುಂತಿರ್ತಿದ್ದ ದಿನ ನಾ ನೋಡೀನಿ.

ಮಗಳು: ತಪಾಸ ಅಂದ್ರ ನಾ ಸಿನಿಮಾದಾಗಿನ ಹಂಗ ಅನ್ಕೊಂಡಿದ್ದೆ, ರಾತ್ರೋರಾತ್ರಿ ಹೋಗಿ ಬಾಗಿಲಾ ಒದಿಯೂದು.

ಕಾಕಾ: ಬಾಗಿಲಾ ಒದಿಯೂದಕ್ಕಿಂತ ರಜಿಸ್ಟರ್ ತಿರುವೂದು ಹೆಚ್ಚು. ಒಂದು ಹೇಳ್ತೀನಿ ಕೇಳು. ಗಡಿ ಕಡೆ ಒಂದು ಎತ್ತರದ ಘಾಟಿನ ಕೆಳಗ ಗಾಡಿಗಳನ್ನ ತಡದು ನೋಡೂ ನಮ್ಮ ಠಾಣೆ, ಟಿ.ಸಿ.ಪಿ. ಇತ್ತು. ಮ್ಯಾಲೆ ಹೋಗೂ ಪ್ರತಿ ಗಾಡಿ ನಂಬರು, ಡ್ರೈವರ್ ಹೆಸರು, ವ್ಯಾಳ್ಯಾ ನಾವು ಬರಕೋಬೇಕು. ಒಂದು ಯೂನಿಟ್ಟಿನ ಡೀಸೆಲ್ ಲೆಕ್ಕಾ ಕೂಡವಲ್ದು ಅಂತ ದೂರು ಬಂತು. ಗಾಡಿಯ ಕಾರ್ ಡೈರಿ ತರಿಸಿದ್ವಿ. ಅದರಾಗ ಎಲ್ಲಾ ಬರೋಬರಿ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಲೀಟರ್, ಕೆಳಗ ಸಹಿ. ಎಲ್ಲಾ ಭಾಳ ಬರೋಬರಿ ಇದ್ದದ್ದಕ್ಕೇ ನನಗ ಸಂಶೇ ಬಂತು. ದಿನಾ ಬರಿಯೂ ಡೈರಿ ಆದ್ರ ಶಾಯಿ ಬದಲಾಗ್ತಿರ್ತೈತಿ, ಹಾಳಿ ಮ್ಯಾಲೆ ಎಣ್ಣಿ ಕಲಿ ಬಿದ್ದಿರ್ತಾವ, ಥಂಡಿಗೆ ಕೈ ನಡುಗಿ ಅಕ್ಷರ ಸೊಟ್ಟ ಆಗಿರ್ತಾವ. ಇದು ಒಂದೇ ಶಾಯಿ, ಒಂದೇ ಬರವಣಿಗಿ, ಒಂದು ಕಲಿ ಇಲ್ಲ. ನಮ್ಮ ಟಿ.ಸಿ.ಪಿ. ರಜಿಸ್ಟರ್ ಬಾಜೂಕ ಇಟ್ಕೊಂಡು ತಾರೀಖಿಗೆ ತಾರೀಖು ಕೂಡಿಸಿ ನೋಡಿದ್ವಿ. ಹಿಮಾ ಬಿದ್ದು ಘಾಟು ಬಂದ್ ಇದ್ದ ದಿನಾನೂ ಆ ಗಾಡಿ ಘಾಟು ದಾಟಿ ಹೋಗಿ ಬಂದೈತಿ ಅಂತ ಡೈರಿ ಹೇಳ್ತಿತ್ತು.

ಮಗಳು: ಹಿಡಿದ್ರೇನ್ರಿ ಮತ್ತ?

ಕಾಕಾ: ಡ್ರೈವರ್ ಸಿಕ್ಕ. ಅಂವಗ ಶಿಕ್ಷಾ ಆತು. ಡೈರಿ ಕೆಳಗ ಸಹಿ ಮಾಡ್ತಿದ್ದವರು ಬ್ಯಾರೆ ಕಡೆ ವರ್ಗ ಆಗಿ ಹೋದ್ರು. ಆ ಡ್ರೈವರ್ ಕದ್ದಿಲ್ಲ ಅಂತ ನಾ ಹೇಳೂದಿಲ್ಲ. ಅಂವ ಒಬ್ಬನೇ ಕದ್ದಿಲ್ಲ ಅಂತ ಹೇಳ್ತೀನಿ. ಅಷ್ಟು ಬ್ಯಾರಲ್ ಡೀಸೆಲ್ ಒಬ್ಬ ಡ್ರೈವರ್ ಕೈಯಿಂದ ಮಾರಾಟ ಆಗೂದಲ್ಲ. ಆದ್ರ ತಪಾಸ ಅವನ ತನಾ ಬಂದು ನಿಂತ್ಬಿಡ್ತು, ಮ್ಯಾಲೆ ಹತ್ತಲಿಲ್ಲ.

ಮಗಳು: ಶ್ರೀರಂಗಪಟ್ಟಣದಾಗೂ ಹಿಂಗೇ ಆಗಿತ್ತು ಕಾಕಾ. 1799ರ ಮೇ 4ಕ್ಕ ಟಿಪ್ಪು ಸತ್ತು ಕೋಟಿ ಬಿದ್ದ ರಾತ್ರಿ ಇಂಗ್ಲಿಷರ ಸೈನ್ಯ ಊರೆಲ್ಲಾ ಲೂಟಿ ಮಾಡ್ತು. ಮರುದಿನ ಆರ್ಥರ್ ವೆಲ್ಲೆಸ್ಲಿ ಊರಿನ ಉಸ್ತುವಾರಿ ತಗೊಂಡು, ಲೂಟಿ ಮಾಡಿದ ನಾಲ್ಕು ಸೈನಿಕರನ್ನ ಗಲ್ಲಿಗೆ ಹಾಕಿಸಿ, ಇನ್ನೂ ಕೆಲವರಿಗೆ ಚಾಟಿ ಏಟು ಹೊಡಿಸಿ ಊರು ಶಾಂತ ಮಾಡಿದ. ಅದಾದ ಮ್ಯಾಲೆ ಟಿಪ್ಪುವಿನ ಖಜಾನೆ ಹಂಚಾಕ ಅಧಿಕಾರಿಗಳದೇ ಕಮಿಟಿ ಕೂತಿತು. ಜನರಲ್ ಹ್ಯಾರಿಸ್ ಒಬ್ಬನೇ 1 ಲಕ್ಷ 40 ಸಾವಿರ ಪೌಂಡಿಗೂ ಮೀರಿ ತಗೊಂಡ. ಪ್ರಾಣ ಒತ್ತೆ ಇಟ್ಟು ಗೋಡಿ ಹತ್ತಿದ ನಮ್ಮ ದೇಶದ ಸಿಪಾಯಿಗೆ ಬಂದದ್ದು ಕೈಬೆರಳಿನಾಗ ಎಣಿಸೂ ಅಷ್ಟು ಪೌಂಡು.

ಕಾಕಾ: ನೋಡಿದ್ಯಾ? ಸಿಪಾಯಿ ತಗೊಂಡ್ರ ಲೂಟಿ, ಜನರಲ್ ತಗೊಂಡ್ರ ಪಾಲು. ನಮ್ಮ ಬಿಜಾಪುರದ ಕಥಿನೂ ಬ್ಯಾರೆ ಇಲ್ಲ. 1686ರಾಗ ಔರಂಗಜೇಬ ಗೆದ್ದು ಒಳಗ ಬಂದದ್ದು ನಮ್ಮ ಊರ ಹೆಸರಿನ ಮನಗೂಳಿ ಅಗಸಿಯಿಂದ. ಅದಕ್ಕ ಫತೇ ದರ್ವಾಜಾ ಅಂತ ಹೆಸರಿಟ್ಟ್ರು. ಗೆದ್ದವರು ಬಾಗಿಲಿಗೆ ಹೆಸರು ಇಡ್ತಾರ. ಆ ಬಾಗಿಲಾ ದಾಟಿದ ಮ್ಯಾಲೆ ಊರ ಮಂದಿಗೆ ಏನಾತು ಅಂತ ಕೇಳಾಕ ಆ ಕಾಲದಾಗ ಯಾರನ್ನೂ ನೇಮಿಸ್ತಿರಲಿಲ್ಲ. ಗೆದ್ದವನೇ ತನ್ನ ಸೈನ್ಯದ ತಪ್ಪು ತಾನೇ ಹುಡುಕಬೇಕು ಅನ್ನೂ ವಿಚಾರ ಇತ್ತೀಚಿಂದು, ಎಳೇದು. ಅದಕ್ಕೇ ಅದನ್ನ ಕಾಯ್ಕೋಬೇಕು ಅಂತ ನಾ ಬಡ್ಕೋಳೂದು.

ಮಗಳು: ಡೀಸೆಲ್, ಖಜಾನೆ ಇರಲಿರಿ. ಕೊಲೆ ಆದ್ರ? ಸುತ್ತ ಯುದ್ಧ ನಡದಿರ್ತೈತಿ, ದಿನಾ ಹೆಣ ಬೀಳ್ತಿರ್ತಾವ. ಅದರಾಗ ಇದು ಕೊಲೆ, ಇದು ಯುದ್ಧ ಅಂತ ಹ್ಯಾಂಗ ಬ್ಯಾರೆ ಮಾಡೂದು?

ಕಾಕಾ: ಅದಕ್ಕ ನೀ ಕೊಡಗಿನ ತಿಮ್ಮಯ್ಯನವರ ಕೊರಿಯಾದ ಕೆಲಸ ಓದಬೇಕು. ಕೊಡಗಿನಾಗ ಹುಟ್ಟಿ ದೇಶದ ಸೇನಾ ಮುಖ್ಯಸ್ಥರಾದವರು ಅಂತ ಎಲ್ಲರಿಗೂ ಗೊತ್ತು. 1953ರಾಗ ಅವರು ಮಾಡಿದ ಕೆಲಸ ಭಾಳ ಮಂದಿಗೆ ಗೊತ್ತಿಲ್ಲ. ಜುಲೈ 27ಕ್ಕ ಕೊರಿಯಾದಾಗ ಕದನವಿರಾಮ ಆತು. ಆವಾಗ ಅಮೆರಿಕದವರ ಕೈಯಾಗಿನ 22,604 ಯುದ್ಧಕೈದಿಗಳು ‘ನಾವು ನಮ್ಮ ದೇಶಕ್ಕ ತಿರುಗಿ ಹೋಗೂದಿಲ್ಲ’ ಅಂತಿದ್ರು. ಅವರಾಗ ಚೀನಾದವರೇ 14,704. ಹೋಗೂದಿಲ್ಲ ಅನ್ನೂದು ಖರೇನೋ, ಯಾರಾರ ಹೆದರಿಸಿ ಹೇಳಸ್ತಾರೋ? ಅದನ್ನ ನೋಡಾಕ ಐದು ದೇಶಗಳ ಆಯೋಗ ಆತು. ಭಾರತ, ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನ ಕಾಯಾಕ ಹೋದ ನಮ್ಮ ಪಡೆಗೆ ಮೇಜರ್ ಜನರಲ್ ಥೋರಾತ್ ಮುಖ್ಯಸ್ಥರು, ನಮ್ಮ ನೆರೆಯ ಕೊಲ್ಲಾಪುರದ ಕಡೆಯವರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರ ಕಾಲು ತನ್ನ ನೆಲದ ಮ್ಯಾಲೆ ಬೀಳಬಾರದು ಅಂತ ಹಟ ಹಿಡದ. ನಮ್ಮವರು ಇಂಚಾನ್ ಬಂದರದಾಗ ಹಡಗು ಇಳದು, ಹೆಲಿಕಾಪ್ಟರ್ ಹತ್ತಿ, ನಡುವಿನ ನಿಶ್ಶಸ್ತ್ರ ವಲಯಕ್ಕ ಹೋಗಬೇಕಾತು.

ಮಗಳು: ಕೈದಿಗಳನ್ನ ಕಾಯೂದ್ರಾಗ ಕೊಲೆ ತಪಾಸ ಎಲ್ಲಿಂದ ಬಂತ್ರಿ?

ಕಾಕಾ: ಅಲ್ಲೇ ಐತಿ ಗಂಟು. ತಂತಿ ಬೇಲಿ ಹೊರಗ ನಮ್ಮವರು, ಬೇಲಿ ಒಳಗ ಕೈದಿಗಳದೇ ಮುಖಂಡರು. ಅವರು ಎಂಥವರಂದ್ರ, ಕೈದಿಗಳ ಮೈಮ್ಯಾಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆ ಹಚ್ಚಿ ಹೊಯ್ಸಿದವರು, ತಿರುಗಿ ಹೋದ್ರ ಅದೇ ಹಚ್ಚಿ ನೋಡಿ ಅಲ್ಲಿ ಕೊಲ್ತಾರ ಅನ್ನೂ ಅಂಜಿಕಿ ಹುಟ್ಟಲಿ ಅಂತ. ಊರಿಗೆ ಹೋಗಬೇಕು ಅನ್ನೂ ಕೈದಿ ರಾತ್ರಿ ಕತ್ತಲ್ಯಾಗ ತಂತಿ ಹಾರಿ ನಮ್ಮ ಪಹರೆಯವನ ಕಾಲಿಗೆ ಬಂದು ಬೀಳಬೇಕು. ಒಳಗ ಬಾಯಿ ಬಿಟ್ಟ್ರ ಹೆಣ. ಒಬ್ಬ ಚೀನೀ ಕೈದಿ ಊರಿಗೆ ಹೋಗ್ತೀನಿ ಅಂದದ್ದಕ್ಕ 28ನೇ ಆವರಣದೊಳಗ ಕೊಲೆ ಆದ. ಸುದ್ದಿ ಹೊರಗ ತಂದವರು ಅಲ್ಲಿಂದ ತಪ್ಪಿಸ್ಕೊಂಡು ಬಂದ ಕೈದಿಗಳು. ಈಗ ಹೇಳು, ನೀ ತಪಾಸ ಅಧಿಕಾರಿ ಆಗಿದ್ರ ಏನ್ ಮಾಡ್ತಿದ್ದಿ?

ಮಗಳು: ಆ ಆವರಣ ಸುತ್ತುಗಟ್ಟಿ, ಒಳಗ ಹೋಗಿ, ಮಾಡಿದವರನ್ನ ಎಳಕೊಂಡು ಬರ್ತಿದ್ದೆ.

ಕಾಕಾ: ನಮ್ಮ ಕಡೆ ಜ್ವಾಳದ ಹಗೇವು ತಗದ ಕೂಡ್ಲೆ ಯಾರರ ಇಳೀತಾರೇನು? ಬಾಯಿ ತಗದು ಗಾಳಿ ಆಡಾಕ ಬಿಡ್ತಾರ. ಇಲ್ಲಂದ್ರ ಜ್ವಾಳ ತರಾಕ ಇಳದವನ ಹೆಣಾ ತಗ್ಯಾಕ ಮತ್ತೊಬ್ಬ ಇಳೀಬೇಕಾಗ್ತೈತಿ. ಇದೂ ಹಂಗೇ, ಬಂದೂಕು ಹಿಡಕೊಂಡು ನುಗ್ಗಿದ್ರ ಅಲ್ಲಿ ಹೆಣಗಳ ರಾಶಿ ಬೀಳ್ತಿತ್ತು. ಸೆಪ್ಟೆಂಬರಿನಾಗ ಕೈದಿಗಳು ನಮ್ಮ ಒಬ್ಬ ಮೇಜರ್‌ನನ್ನ ಒಳಗ ಎಳಕೊಂಡು ಒತ್ತೆ ಇಟ್ಕೊಂಡಿದ್ರು. ಆವಾಗ ಥೋರಾತ್ ಹತಾರ ಇಲ್ಲದೇ ಬೇಲಿ ಒಳಗ ನಡಕೋತ ಹೋಗಿ, ಕೈದಿಗಳ ನಡುವ ನಿಂತು ಮಾತಾಡಿ ಆ ಮೇಜರ್‌ನನ್ನ ಬಿಡಿಸ್ಕೊಂಡು ಬಂದ್ರು. ಹಂಗ ಎದಿಗಾರಿಕಿ ಇದ್ದವರೇ ಕೊಲೆ ತಪಾಸಕ್ಕ ಕಾಗದದ ದಾರಿ ಹಿಡದ್ರು. ತಪ್ಪಿಸ್ಕೊಂಡು ಬಂದವರ ಹೇಳಿಕೆ ಬರಕೊಂಡ್ರು, ಆರೋಪಿಗಳನ್ನ ಹಿಡದ್ರು, ಮಿಲಿಟರಿ ಕೋರ್ಟು ಕೂಡಿಸಿದ್ರು. ಆರೋಪಿಗಳ ಪರ ವಾದ ಮಾಡಾಕೂ ಅವಕಾಶ ಕೊಟ್ಟ್ರು. ಉಳಿದ ಸಾಕ್ಷಿಗಳು ಬೇಲಿ ಒಳಗೇ ಇದ್ರು, ಅವರನ್ನ ಮುಖಂಡರು ಹೊರಗ ಬಿಡಲಿಲ್ಲ. ಅಷ್ಟ್ರಾಗ ಕೈದಿಗಳನ್ನ ಇಟ್ಕೊಳ್ಳಾಕ ಕದನವಿರಾಮದ ಕರಾರು ಕೊಟ್ಟ ಅವಧಿ ಮುಗಿಯಾಕ ಬಂತು. 1954ರ ಜನವರಿ 20ರಿಂದ ತಿಮ್ಮಯ್ಯನವರು ಕೈದಿಗಳನ್ನ ತಂದು ಒಪ್ಪಿಸಿದವರಿಗೇ ತಿರುಗಿ ಒಪ್ಪಿಸಿದ್ರು. ಕೊಲೆ ಆರೋಪದವರೂ ಕಡೀಕ ಅಮೆರಿಕದವರ ಕೈಗೆ ಹೋದ್ರು. ವಿಚಾರಣೆ ಮುಗೀಲೇ ಇಲ್ಲ.

ಮಗಳು: ಅಂದ್ರ ಸೋತ್ರಲ್ರಿ! ಕೊಂದವರು ಬಿಟ್ಟುಹೋದ್ರು.

ಕಾಕಾ: ಸತ್ತವನಿಗೆ ನ್ಯಾಯ ಸಿಗಲಿಲ್ಲ. ಅದನ್ನ ನಾ ಬ್ಯಾರೆ ಬಣ್ಣ ಹಚ್ಚಿ ಹೇಳೂದಿಲ್ಲ. ಆದ್ರ ಆ ತಪಾಸ ಆಗಿರದಿದ್ರ ಜಗತ್ತು ಏನಂತ ನಂಬತಿತ್ತು? ಇಪ್ಪತ್ತೆರಡು ಸಾವಿರ ಮಂದಿ ತಮ್ಮ ಖುಷಿಲೇ ‘ಊರು ಬ್ಯಾಡ’ ಅಂದ್ರು ಅಂತ. ಊರಿಗೆ ಹೋಗಬೇಕು ಅನ್ನೂ ಕೈದಿ ಜೀವಭಯದಾಗ ಕದ್ದು ಬರಬೇಕಾಗಿತ್ತು ಅಂತ ಆಯೋಗದ ಬಹುಮತದ ವರದಿ ಬರದಿಟ್ಟೈತಿ. ಸ್ವೀಡನ್, ಸ್ವಿಟ್ಜರ್‌ಲೆಂಡಿನವರು ಅದಕ್ಕ ಪೂರಾ ಒಪ್ಪಲಿಲ್ಲ, ತಮ್ಮದು ಬ್ಯಾರೆ ಬರದ್ರು. ಅಮೆರಿಕಕ್ಕ ಆ ಮಾತು ಬ್ಯಾಡಾಗಿತ್ತು, ಚೀನಾಕ್ಕ ತಿಮ್ಮಯ್ಯ ಕೈದಿಗಳನ್ನ ತಿರುಗಿ ಒಪ್ಪಿಸಿದ್ದು ಬ್ಯಾಡಾಗಿತ್ತು. ಎರಡೂ ಕಡೆ ಬೈಸ್ಕೊಂಡು ಕಂಡದ್ದನ್ನ ಬರಿಯೂ ಗಟ್ಟಿತನ ಆ ಮನುಷ್ಯಾಗ ಇತ್ತು. ನೀ ಸೇರೂ ದಳದ ಮಂದಿಗೆ ಇದಕ್ಕಿಂತ ದೊಡ್ಡ ಪಾಠ ನನಗ ಕಾಣೂದಿಲ್ಲ.

ಮಗಳು: ಖರೇ. ಆದ್ರೂ ಅವರು ಮಂದಿ ದೇಶದ ಕೈದಿಗಳು, ತಿಮ್ಮಯ್ಯನವರು ಮೂರನೆಯವರು. ನಮ್ಮ ಸೈನ್ಯದ ಮ್ಯಾಲೇ ಆರೋಪ ಬಂದಾಗ ನಮ್ಮವರು ಹ್ಯಾಂಗ ನಡಕೊಂಡಾರ? ಇಲ್ಲೇ ಸಿಂದಗಿ ದಾಟಿದ್ರ ಕಲಬುರ್ಗಿ ಜಿಲ್ಲಾ. ಅಂದಿನ ನಿಜಾಮನ ಸೀಮಿ.

ಕಾಕಾ: 1948ರ ಮಾತು ತಗದಿ.

ಮಗಳು: ಹೌದ್ರಿ. ನಿಜಾಮನ ಪರ ನಿಂತ ರಜಾಕಾರರು ಬೀದರ ಕಡೆ ಗೋರಟಾದಾಗ ಮಾಡಿದ ಕೊಲೆ ನಮಗ ಸಾಲ್ಯಾಗೂ ಹೇಳ್ಯಾರ, ಮನ್ಯಾಗೂ ಹೇಳ್ಯಾರ. ಸೆಪ್ಟೆಂಬರ್ 13ಕ್ಕ ನಮ್ಮ ಸೈನ್ಯ ಹೈದರಾಬಾದ್ ಸಂಸ್ಥಾನದಾಗ ಇಳೀತು, 17ಕ್ಕ ನಿಜಾಮ ಶರಣಾದ. ಅದಾದ ಮ್ಯಾಲಿನ ವಾರಗಳ ಬಗ್ಗೆ ಯಾರೂ ಹೇಳಿದ್ದಿಲ್ಲ. ಕಾಲೇಜಿನಾಗ ನಮ್ಮ ಇತಿಹಾಸದ ಮೇಡಂ ಹೇಳಿದಾಗ ಮೊದಲ ಸಲ ಕೇಳಿದೆ. ನೆಹರೂ ಅವರು ಪಂಡಿತ್ ಸುಂದರಲಾಲ್ ಮತ್ತ ಕಾಜಿ ಅಬ್ದುಲ್ ಗಫಾರ್ ಅವರ ತಂಡವನ್ನ ಕಳಿಸಿದ್ರು. ಅವರು ಊರೂರು ತಿರುಗಿ ಕೊಟ್ಟ ಅಂದಾಜು, ಪೊಲೀಸ್ ಕಾರ್ಯಾಚರಣೆ ಅಂತ ಕರದ ಸೈನ್ಯದ ಆ ದಾಳಿ ವ್ಯಾಳ್ಯಾದಾಗ, ಅದರ ನಂತರ ಸತ್ತವರು 27,000ದಿಂದ 40,000. ಹೆಚ್ಚು ಹಾನಿ ಆದ ನಾಲ್ಕು ಜಿಲ್ಲಾದಾಗ ಕಲಬುರ್ಗಿ, ಬೀದರ ಎರಡೂ ಅದಾವ. ಕೊಂದವರು ಬಹಳಷ್ಟು ಕಡೆ ಸೇಡಿನ ಗುಂಪುಗಳು. ಕೆಲವು ಕಡೆ ಸೈನ್ಯದವರು, ಪೊಲೀಸರು ಸೈತ ಲೂಟಿಯೊಳಗ, ಅದಕ್ಕಿಂತ ಕೆಟ್ಟ ಕೆಲಸದೊಳಗ ಕೂಡ್ಯಾರ ಅಂತ ಅದರಾಗ ಬರದೈತಿ.

ಕಾಕಾ: ಅದೇ ವರದಿ, ಸೈನ್ಯದ ಎಷ್ಟೋ ಅಧಿಕಾರಿಗಳು, ಜವಾನರು ಮುಸಲ್ಮಾನರ ಜೀವಾ ಉಳಿಸ್ಯಾರ ಅಂತಾನೂ ಬರದೈತಿ. ಎರಡನ್ನೂ ಹೇಳಬೇಕು. ಆ ಸೀಮಿಯಿಂದ ರಜಾಕಾರರಿಗೆ ಅಂಜಿ ಗಂಟು ಕಟ್ಕೊಂಡು ನಮ್ಮ ಕಡೆ ಬಂದವರನ್ನ ನಮ್ಮ ಹಿರೇರು ನೋಡ್ಯಾರ. ಆ ಸಂಕಟ ಸುಳ್ಳಲ್ಲ. ರಜಾಕಾರರ ಸಂಬಂಧ ಇಲ್ಲದ ಬಡ ಮುಸಲ್ಮಾನ ರೈತ, ನೇಕಾರ, ಹೆಂಗಸು ಕೂಸು ಸತ್ತದ್ದೂ ಸುಳ್ಳಲ್ಲ. ನನಗ ಹೊಟ್ಟಿ ಉರಿಯೂದು ಎಲ್ಲಿ ಅಂದ್ರ, ಆ ವರದಿ ಸರ್ಕಾರದ ಕಪಾಟಿನಾಗ ಹತ್ತಾರು ವರ್ಷ ಬಿತ್ತು. ಅದರ ಮ್ಯಾಲೆ ಸೇನೆಯ ಪೊಲೀಸರು ಊರಿಗೆ ಬಂದು ಯಾವ ಪಲ್ಟನ್, ಯಾವ ತಾರೀಖು, ಯಾರ ಹುಕುಂ ಅಂತ ಕೇಳಬೇಕಾಗಿತ್ತು. ಸಾಕ್ಷಿ ಹೇಳೂವರು ಒಬ್ಬೊಬ್ಬರೇ ತೀರಿಹೋದ್ರು.

ಮಗಳು: ಜಗತ್ತಿನಾಗ ಎಲ್ಲಾರ ಒಂದು ಕಡೆ ಸೈನ್ಯ ತನ್ನ ಮ್ಯಾಲೆ ತಾನೇ ಬರೋಬರಿ ತಪಾಸ ಮಾಡ್ಕೊಂಡೈತೇನ್ರಿ?

ಕಾಕಾ: ಅಮೆರಿಕದವರ ಮೈ ಲಾಯ್ ಓದು. ವಿಯೆಟ್ನಾಂನ ಹಳ್ಳಿ. 1968ರ ಮಾರ್ಚ್ 16ಕ್ಕ ನೂರಾರು ಹಳ್ಳಿ ಮಂದೀನ ಕೊಂದು, ವೈರಿಗಳನ್ನ ಹೊಡದ್ವಿ ಅಂತ ಬರಕೊಂಡಿದ್ರು. ಒಂದು ವರ್ಷದ ಮ್ಯಾಲೆ ರಾನ್ ರಿಡನ್‌ಅವರ್ ಅನ್ನೂ ಮಾಜಿ ಸೈನಿಕ ಪತ್ರಾ ಬರದ. ಲೆಫ್ಟಿನೆಂಟ್ ಜನರಲ್ ಪಿಯರ್ಸ್ ಮುಂದಾಳತ್ವದಾಗ ತಪಾಸ ಆತು, ಸುಮಾರು 400 ಮಂದಿ ಸಾಕ್ಷಿ. ಕೊಂದವರನ್ನಷ್ಟೇ ಅಲ್ಲ, ಮುಚ್ಚಿ ಹಾಕಿದ ಮ್ಯಾಲಿನ ಅಧಿಕಾರಿಗಳನ್ನೂ ಪಿಯರ್ಸ್ ಹೆಸರಿಸಿದ್ರು. ತಾನೂ ಅದೇ ಯುದ್ಧದಾಗ ದಂಡನಾಯಕ ಆಗಿದ್ದ ಮನುಷ್ಯಾ. ಕಡೀಕ ಶಿಕ್ಷಾ ಆದದ್ದು ಒಬ್ಬ ಲೆಫ್ಟಿನೆಂಟಿಗೆ, ಅದೂ ಕೆಲವೇ ವರ್ಷ ಗೃಹಬಂಧನ.

ಮಗಳು: ಅಲ್ಲೂ ಕೆಳಗಿನವನೇ!

ಕಾಕಾ: ಅಲ್ಲೂ.

ಮಗಳು: ಕಾಶ್ಮೀರದ್ದು ನಾ ಓದಿಕೊಂಡೀನಿ. 2010ರ ಏಪ್ರಿಲ್ ಕಡೀಕ ಮಾಛಿಲ್‌ದಾಗ ಕೂಲಿ ಕೊಡಸ್ತೀವಿ ಅಂತ ಮೂರು ಮಂದಿ ಹಳ್ಳಿ ಹುಡುಗರನ್ನ ಗಡಿ ತನಾ ಕರಕೊಂಡು ಹೋಗಿ, ಕೊಂದು, ನುಸುಳುಕೋರರು ಅಂತ ತೋರ್ಸಿದ್ರು. ಕೋರ್ಟ್ ಮಾರ್ಷಲ್ 2014ರಾಗ ಐದು ಮಂದಿಗೆ ಜೀವಾವಧಿ ಕೊಟ್ಟಿತು. 2017ರಾಗ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ಶಿಕ್ಷಾ ಅಮಾನತಿನಾಗ ಇಟ್ಟಿತು. 2020ರ ಜುಲೈ 18ಕ್ಕ ಶೋಪಿಯಾನಿನ ಅಂಶಿಪೋರಾದಾಗ ಉಗ್ರರು ಅಂತ ಸೈನ್ಯದವರ ಗುಂಡಿಗೆ ಸತ್ತವರು ರಜೌರಿಯಿಂದ ದುಡ್ಯಾಕ ಹೋದ ಹುಡುಗರು. ಫೋಟೋ ನೋಡಿ ಮನಿಯವರು ಗುರುತು ಹಿಡದ್ರು, ಡಿ.ಎನ್.ಎ. ಕೂಡಿತು. ಸೈನ್ಯವೇ ಎರಡು ತಿಂಗಳಾಗ, ನಮ್ಮವರು ಅಧಿಕಾರ ಮೀರ್ಯಾರ ಅಂತ ಒಪ್ಪಿತು. 2023ರ ಮಾರ್ಚಿನಾಗ ಒಬ್ಬ ಕ್ಯಾಪ್ಟನ್‌ಗೆ ಜೀವಾವಧಿ ಅಂತ ಸುದ್ದಿ ಬಂತು, ನವೆಂಬರಿನಾಗ ಅದೂ ಅಮಾನತು ಆತು.

ಕಾಕಾ: ಪಥ್ರಿಬಲ್ ಬಿಟ್ಟಿ. ಅದು ನನಗ ಎಲ್ಲಕ್ಕಿಂತ ಕಹಿ. 2000ನೇ ಇಸವಿ ಮಾರ್ಚಿನಾಗ ಛತ್ತೀಸಿಂಗಪುರಾದ ಸಿಖ್ಖರ ಕೊಲೆ ಆದ ಐದು ದಿನಕ್ಕ, ಅದನ್ನ ಮಾಡಿದ ಉಗ್ರರು ಇವರೇ ಅಂತ ಐದು ಮಂದಿನ್ನ ಹೊಡದ್ರು. ಅವರು ಹಳ್ಳಿಗರು ಅಂತ ಮನಿಯವರು ಬಡಕೊಂಡ್ರು. ಗೋರಿ ತಗಸಿದ್ರು. ಪರೀಕ್ಷಾಕ್ಕ ಕಳಿಸಿದ ಸಂಬಂಧಿಕರ ರಕ್ತದ ಮಾದರಿನೇ ಅದಲುಬದಲು ಮಾಡ್ಯಾರ ಅಂತ 2002ರಾಗ ಬಯಲಾತು. ಬಂದೂಕಿನ ಅಪರಾಧಕ್ಕ ಭ್ರಷ್ಟಾಚಾರದ ಕೈ ಹ್ಯಾಂಗ ಕೂಡ್ತೈತಿ ನೋಡು. ಒಂದು ಸೀಸೆದಾಗಿನ ರಕ್ತ ಬದಲಾಗಿ ಸತ್ತವರು ಮತ್ತೊಮ್ಮೆ ಉಗ್ರರಾಗಬೇಕಾಗಿತ್ತು. ಸಿ.ಬಿ.ಐ. 2006ರಾಗ ಸೇನೆಯ ಐದು ಮಂದಿ ಮ್ಯಾಲೆ ಆರೋಪಪಟ್ಟಿ ಹಾಕಿತು. 2012ರಾಗ ಸುಪ್ರೀಂ ಕೋರ್ಟ್, ಯಾವ ಕೋರ್ಟು ಅಂತ ನೀವೇ ಆರಿಸ್ಕೊಳ್ರಿ ಅಂತ ಸೈನ್ಯಕ್ಕ ಹೇಳಿತು. ಸೈನ್ಯ ತನ್ನ ಕೋರ್ಟು ಆರಿಸ್ಕೊಂಡು, 2014ರ ಜನವರಿಯಾಗ ಪುರಾವೆ ಇಲ್ಲ ಅಂತ ಕೇಸು ಮುಚ್ಚಿತು. ವಿಚಾರಣೆನೇ ನಡೀಲಿಲ್ಲ.

ಮಗಳು: ಇಷ್ಟೆಲ್ಲಾ ಹೇಳಿ ನನ್ನನ್ನ ಅಲ್ಲಿಗೇ ಕಳಸ್ತೀರಿ.

ಕಾಕಾ: ಅದಕ್ಕೇ ಕಳಸ್ತೀನಿ. ಇನ್ನೊಂದು ಮಗ್ಗಲೂ ನೋಡು. ಕಾರ್ಗಿಲ್‌ದಾಗ ಸತ್ತವರ ಶವಪೆಟ್ಟಿಗೆ ಖರೀದಿಯೊಳಗ ರೊಕ್ಕ ತಿಂದ್ರು ಅಂತ ದೇಶೆಲ್ಲಾ ಕೂಗ್ಯಾಡಿತು. ಸಿ.ಬಿ.ಐ. 2009ರಾಗ ಕೆಲವು ಸೇನಾ ಅಧಿಕಾರಿಗಳ ಮ್ಯಾಲೆ ಆರೋಪಪಟ್ಟಿ ಹಾಕಿತು. 2013ರ ಡಿಸೆಂಬರಿನಾಗ ಕೋರ್ಟು, ಪುರಾವೆ ಸಾಲೂದಿಲ್ಲ ಅಂತ ಆ ಸೇನಾ ಅಧಿಕಾರಿಗಳನ್ನ ಆರೋಪದಿಂದ ಬಿಡ್ತು. ಅಷ್ಟು ವರ್ಷ ಅವರ ಹೆಂಡ್ರು ಮಕ್ಕಳು ಮಂದಿ ಮುಂದ ತಲಿ ಎತ್ತಿ ತಿರಗ್ಯಾಡೂದು ಹ್ಯಾಂಗ? ಲಗೂನ, ನೆಟ್ಟಗ ತಪಾಸ ಆಗಿದ್ರ ಅವರ ಮಾನ ಮೊದಲೇ ಉಳೀತಿತ್ತು. ಸೈನ್ಯದ ನಿಯಮಗಳಾಗ 180ನೇದು ಅಂತ ಒಂದೈತಿ. ಕೋರ್ಟ್ ಆಫ್ ಎನ್‌ಕ್ವೈರಿಯೊಳಗ ಯಾರ ಮಾನಕ್ಕ ಧಕ್ಕೆ ಬರೂ ಹಂಗಿರ್ತೈತೋ, ಅಂವಗ ಪೂರಾ ಹೊತ್ತು ಅಲ್ಲೇ ಕುಂತು ಕೇಳಾಕ, ಸಾಕ್ಷಿಗಳಿಗೆ ತಿರುಗಿ ಪ್ರಶ್ನೆ ಹಾಕಾಕ, ತನ್ನ ಸಾಕ್ಷಿ ಕರಸಾಕ ಅವಕಾಶ ಕೊಡಬೇಕು. ಇದನ್ನ ತಪ್ಪಿಸಿದ್ರ ಖರೇ ತಪ್ಪಿತಸ್ಥನೂ ಅದೇ ಸಂದಿಯಿಂದ ಪಾರಾಗ್ತಾನ. ಬಾಯಿಪಾಠ ಮಾಡೂದಿದ್ರ ಇದನ್ನ ಮಾಡು.

ಮಗಳು: ಬರಕೊಂಡೀನ್ರಿ. ಆದ್ರ ಮನಸಿನಾಗ ಒಂದು ಉಳದೈತಿ. ನಾ ನೆಟ್ಟಗ ತಪಾಸ ಮಾಡಿದೆ ಅನ್ರಿ. ಹತಾರ ಇಡೂ ಕೋತ್‌ದ ರಜಿಸ್ಟರ್ ನೋಡಿದೆ, ಯಾವ ರೈಫಲ್ಲು ಯಾರ ಕೈಗೆ ಹೋಗಿತ್ತು, ಬಟ್ ನಂಬರು ಎಷ್ಟು, ಎಷ್ಟು ಗುಂಡು ಒಯ್ದ, ಎಷ್ಟು ತಿರುಗಿ ತಂದ ಅಂತ ಲೆಕ್ಕಾ ತಗದೆ. ವರದಿ ಬರದೆ. ಆ ವರದಿ ಎಲ್ಲಿ ಹೋಗ್ತೈತ್ರಿ?

ಕಾಕಾ: ಕಮಾಂಡರ್ ಮುಂದ ಹೋಗ್ತೈತಿ.

ಮಗಳು: ಎನ್‌ಕ್ವೈರಿ ಕೂಡ್ರಿಸೂದು ಯಾರು?

ಕಾಕಾ: ಕಮಾಂಡರು.

ಮಗಳು: ಕೋರ್ಟ್ ಮಾರ್ಷಲ್ ಆಗಬೇಕೋ ಬ್ಯಾಡೋ ಅನ್ನೂದು?

ಕಾಕಾ: ಅದೂ ಅವರೇ. ಕೋರ್ಟ್ ಮಾರ್ಷಲ್ ಕೊಟ್ಟ ತೀರ್ಪು ಊರ್ಜಿತ ಆಗಬೇಕಂದ್ರ ಮ್ಯಾಲಿನ ಅಧಿಕಾರಿ ಸಹಿ ಆಗಬೇಕು. ಅಲ್ಲೀತನಾ ಅದು ಬರೇ ಕಾಗದ.

ಮಗಳು: ಅಂದ್ರ ಆರೋಪ ಬಂದ ಪಡೆಯ ದೊಡ್ಡವರೇ ತಪಾಸ ಬೇಕೋ ಬ್ಯಾಡೋ ಅಂತ ಹೇಳೂವರು. ನಿಮ್ಮ ಡೀಸೆಲ್ ತಪಾಸ ಡ್ರೈವರ್ ತನಾ ಬಂದು ನಿಂತದ್ದು ಇದಕ್ಕೇ ಅಲ್ಲೇನ್ರಿ?

ಕಾಕಾ: ಹೌದವ್ವಾ, ಇದಕ್ಕೇ. ನಮ್ಮ ಅಧಿಕಾರಿಗಳಾಗ ಕೆಟ್ಟವರು ತುಂಬ್ಯಾರ ಅಂತ ನಾ ಹೇಳವಲ್ಲೆ. ಒಳ್ಳೇ ಕಮಾಂಡರ್ ತಾನೇ ಎದ್ದು, ಹಿಡೀರಿ ಇವನನ್ನ ಅಂತ ಹೇಳಿದ್ದನ್ನ ಕಂಡೀನಿ. ಆದ್ರ ಕಾಯ್ದೆ ಒಳ್ಳೆಯವರನ್ನ ನಂಬಿ ಕುಂಡ್ರಬಾರದು. ಯುದ್ಧ ನಡದಲ್ಲಿ ಕಮಾಂಡರಗ ತನ್ನ ಪಲ್ಟನ್ ಹೆಸರು, ಪದಕ, ಬಡ್ತಿ, ನಾಳಿನ ಕಾರ್ಯಾಚರಣೆ ಎಲ್ಲಾ ತಲ್ಯಾಗ ಇರ್ತಾವ. ಅಂಥವನ ಕೈಗೇ ನ್ಯಾಯದ ತಕ್ಕಡಿ ಕೊಡೂದು ಅವನಿಗೂ ಅನ್ಯಾಯ. ಬ್ರಿಟಿಷರಲ್ಲಿ ಮೊಕದ್ದಮೆ ಹೂಡೂ ನಿರ್ದೇಶಕರು ಕಮಾಂಡರ್‌ಗಳ ಅಧೀನದಾಗ ಇರೂದಿಲ್ಲ. ಅಮೆರಿಕ 2023ರ ಡಿಸೆಂಬರ್ 28ರಿಂದ ಕೊಲೆ, ಅತ್ಯಾಚಾರದಂಥ ಘೋರ ಅಪರಾಧದಾಗ ಮೊಕದ್ದಮೆ ಹೂಡೂ ನಿರ್ಧಾರ ಕಮಾಂಡರ್ ಕೈಯಿಂದ ತಗದು ಪ್ರತ್ಯೇಕ ಸೇನಾ ವಕೀಲರಿಗೆ ಕೊಟ್ಟೈತಿ. ನಮ್ಮಲ್ಲಿ ಇನ್ನೂ ಆಗಿಲ್ಲ.

ಮಗಳು: ನಮ್ಮ ಜಿಲ್ಲಾದಾಗ ಸೈನಿಕ ಶಾಲೆ ಐತಿ, ಹಳ್ಳಿ ಹಳ್ಳಿಗೆ ಮಾಜಿ ಸೈನಿಕರು ಅದಾರ. ಅವರ ಬಾಯಿಲೇ ಈ ಮಾತು ನಾ ಒಮ್ಮೆನೂ ಕೇಳಿಲ್ರಿ.

ಕಾಕಾ: ಹೇಳಿದ್ರ ಫೌಜಿಗೆ ದ್ರೋಹ ಅಂತಾರ ಅಂತ ಅಂಜಿಕಿ. ದ್ರೋಹ ಮುಚ್ಚಿಡೂದ್ರಾಗ ಐತಿ. ಮಾಛಿಲ್‌ದಾಗ ಕೂಲಿಗೆ ಹೋದ ಹುಡುಗರಿಗೂ, ನಮ್ಮ ಊರಿಂದ ಗೋವಾಕ್ಕ, ಪುಣೆಕ್ಕ ದುಡ್ಯಾಕ ಹೋಗೂ ಹುಡುಗರಿಗೂ ಏನ್ ಫರಕು ಐತಿ? ಹಂಗಾಗಿ ಇದು ನಮ್ಮದೂ ಮಾತು. ನೀ ಹೋಗು, ನೆಟ್ಟಗ ಬರಿ, ಸಹಿ ಮಾಡೂ ಮೊದಲ ಪೂರಾ ಓದು. ಇಲ್ಲಿ ಉಳದ ನಮ್ಮಂಥವರು ಬ್ಯಾರೆ ಕೆಲಸ ಮಾಡಬೇಕು. ಓಟು ಕೇಳಾಕ ಬಂದವರಿಗೆ ರಸ್ತೆ, ನೀರಿನ ಜೋಡಿ ಇದನ್ನೂ ಕೇಳ್ರಿ ಅಂತ ಮನಗೂಳಿ ಮಂದಿಗೂ, ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಾಜಿ ಸೈನಿಕರ ಸಂಘದವರಿಗೂ ನಾ ಕೈಮುಗದು ಹೇಳ್ತೀನಿ: 1950ರ ಸೇನಾ ಕಾಯ್ದೆ ತಿದ್ದಾಕ ಪಾರ್ಲಿಮೆಂಟಿನಾಗ ಬಾಯಿ ಬಿಡ್ರಿ, ತಪಾಸ ಮಾಡೂವರನ್ನ ತಪಾಸಿಗೆ ಒಳಗಾದ ಪಡೆಯ ಕಮಾಂಡರ್ ಕೈಕೆಳಗಿಂದ ಹೊರಗ ತಗೀರಿ.